ಕೆರೆ ಸುತ್ತಿನ ನಡಿಗೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕೆರೆ, ಹಿನ್ನೀರು, ಜೌಗುಗಳ ಸುತ್ತ ನಡೆಯುವ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಊರಿನ ಹೆಸರು ಮಾತ್ರ ಉಳಿಸಿಕೊಂಡಿದ್ದೇವೆ.

ನನಗೆ 61 ವರ್ಷ. ಬೆಟ್ಟ ಹತ್ತಬೇಡಿ ಅಂತ ಡಾಕ್ಟರು ಹೇಳಿದ ಮೇಲೆ ದೇವರಾಯನದುರ್ಗ ಬಿಟ್ಟು ಮೈದಾಳ ಕೆರೆ ಕಡೆ ನಡೆಯಲು ಶುರು ಮಾಡಿದೆ. ದಾರಿ ಸಮತಟ್ಟು, ಏರೂ ಇಲ್ಲ ಇಳಿಜಾರೂ ಇಲ್ಲ. ಆದರೂ 8 ಕಿ.ಮೀ. ನಡೆದ ಮಾರನೆಯ ದಿನ ಎಡ ಮಂಡಿಯ ಹೊರಬದಿ ಮತ್ತು ಹಿಮ್ಮಡಿ ಹಿಡಿದುಕೊಳ್ಳುತ್ತದೆ. ಏಕೆ?
— ತುಮಕೂರು

ಸಮತಟ್ಟು ಎಂಬುದೇ ಕಾರಣ. ಬೆಟ್ಟದಲ್ಲಿ ಹೆಜ್ಜೆಯ ಉದ್ದ, ಪಾದದ ಕೋನ, ಕೆಲಸ ಮಾಡುವ ಸ್ನಾಯು ಎಲ್ಲವೂ ಗಳಿಗೆಗೊಮ್ಮೆ ಬದಲಾಗುತ್ತವೆ. ಸಮನೆಲದಲ್ಲಿ ಹಾಗಲ್ಲ. 65 ಸೆಂ.ಮೀ. ಹೆಜ್ಜೆಯ ಲೆಕ್ಕದಲ್ಲಿ 8 ಕಿ.ಮೀ.ಗೆ 12,000ಕ್ಕೂ ಹೆಚ್ಚು ಹೆಜ್ಜೆ ಬೀಳುತ್ತವೆ, ಎಲ್ಲವೂ ಒಂದೇ ಅಚ್ಚಿನವು. ಸಣ್ಣ ತಪ್ಪೊಂದಿದ್ದರೆ ಅದು ಅಷ್ಟೂ ಸಲ ಅದೇ ಜಾಗಕ್ಕೆ ಹೊಡೆಯುತ್ತದೆ.

ಏರಿಯ, ಅಂದರೆ ಕೆರೆಯ ಒಡ್ಡಿನ, ವಿಷಯದಲ್ಲಿ ಇನ್ನೊಂದು ಮಾತಿದೆ. ದೂರದಿಂದ ಏರಿಯ ಮೇಲ್ಭಾಗ ಸಪಾಟಾಗಿ ಕಂಡರೂ ಮಳೆನೀರು ಇಳಿಯಲೆಂದು ಅದನ್ನು ನಡುವೆ ಉಬ್ಬಿಸಿ ಕಟ್ಟಿರುತ್ತಾರೆ. ಟ್ರಾಕ್ಟರ್ ಓಡಾಡಿ ಗಾಲಿಯ ಜಾಡು ಬೇರೆ ಬಿದ್ದಿರುತ್ತದೆ. ಅಂಚಿನಲ್ಲಿ ನಡೆಯುವವರ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ತಗ್ಗಿನ ಕಡೆಯ ಕಾಲಿಗೆ ಸೊಂಟ ವಾಲುತ್ತದೆ, ಮಂಡಿಯ ಹೊರಬದಿಯ ಪಟ್ಟಿ ಬಿಗಿಯುತ್ತದೆ. ನೀವು ದಿನವೂ ಒಂದೇ ದಿಕ್ಕಿಗೆ, ಎಡಗಡೆಯ ಅಂಚು ಹಿಡಿದು ಸುತ್ತುತ್ತಿದ್ದೀರೆಂದು ತೋರುತ್ತದೆ. ನಡುವಿನ ಉಬ್ಬಿನ ಮೇಲೆ ನಡೆಯಿರಿ. ಅದು ಆಗದಿದ್ದರೆ ಪೂರ್ತಿ ಸುತ್ತು ಹಾಕುವ ಬದಲು ಅರ್ಧ ದೂರ ಹೋಗಿ ಅದೇ ಅಂಚಿನಲ್ಲೇ ಹಿಂತಿರುಗಿ. ಆಗ ತಗ್ಗು ಇನ್ನೊಂದು ಕಾಲಿಗೆ ಹೋಗುತ್ತದೆ.

ಹಿಮ್ಮಡಿ ನೋವಿಗೆ ಮೊದಲು ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿಯ ಹೊರಅಂಚು ಸವೆದು ಶೂ ವಾಲಿದ್ದರೆ ಅದನ್ನು ಬದಲಿಸದೆ ಬೇರೇನು ಮಾಡಿದರೂ ಗುಣವಿಲ್ಲ. ಪ್ರತಿ 20 ನಿಮಿಷಕ್ಕೊಮ್ಮೆ ನಿಂತು ಮರಕ್ಕೆ ಕೈ ಕೊಟ್ಟು, ಹಿಂದಿನ ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಮೀನಖಂಡವನ್ನು 30 ಸೆಕೆಂಡ್ ಎಳೆಯಿರಿ. ಕೋಲು ಹಿಡಿಯುವುದಾದರೆ ನೋವಿರುವ ಮಂಡಿಯ ಎದುರುಗೈಯಲ್ಲಿ, ಅಂದರೆ ನೀವು ಬಲಗೈಯಲ್ಲಿ. ಹೆಚ್ಚಿನವರು ನೋವಿನ ಕಡೆಗೇ ಹಿಡಿಯುತ್ತಾರೆ, ಅದು ತಪ್ಪು. ಎರಡು ವಾರ 3 ಕಿ.ಮೀ.ಗೆ ಇಳಿಸಿ, ದಿನ ಬಿಟ್ಟು ದಿನ ನಡೆದು, ಆಮೇಲೆ ವಾರಕ್ಕೆ ಅರ್ಧ ಕಿ.ಮೀ.ನಂತೆ ಏರಿಸಿ. ಮಂಡಿ ಊದಿಕೊಂಡರೆ ಈ ಅಂಕಣ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಅಂದಹಾಗೆ, ಊರೊಳಗಿನ ಕೆರೆಗಳ ಸುತ್ತ ಹಾಸಿರುವ ಕಾಂಕ್ರೀಟ್ ಇಟ್ಟಿಗೆಯ ದಾರಿ ನೋಡಲು ಚೆಂದ, ಹಿಮ್ಮಡಿಗೆ ಕೆಟ್ಟದ್ದು. ಪಕ್ಕದಲ್ಲಿ ಮಣ್ಣಿನ ಜಾಡಿದ್ದರೆ ಅದರಲ್ಲೇ ನಡೆಯಿರಿ.

ಬೇಸಿಗೆಯಲ್ಲಿ ಕೆರೆಯ ಅಂಗಳ ಒಣಗಿದಂತೆ ಕಾಣುತ್ತದೆ. ಅಡ್ಡ ಹಾದರೆ 2 ಕಿ.ಮೀ. ಉಳಿಯುತ್ತದೆ. ಆದರೆ ನಮ್ಮ ಗುಂಪಿನ ಒಬ್ಬರ ಕಾಲು ಮಂಡಿಯವರೆಗೆ ಹೂತುಹೋಯಿತು, ಶೂ ಕೂಡ ಕೈಬಿಟ್ಟಿತು. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಮೊದಲೇ ಗೊತ್ತಾಗುವುದು ಹೇಗೆ?
— ಕೋಲಾರ

ಕೆರೆಯಲ್ಲಿ ಹೂಳು ಎಲ್ಲೆಡೆ ಒಂದೇ ಥರ ಕೂರುವುದಿಲ್ಲ. ಕಾಲುವೆಯ ನೀರು ಕೆರೆಗೆ ಬಿದ್ದು ವೇಗ ಕಳೆದುಕೊಳ್ಳುವ ಜಾಗದಲ್ಲಿ ಮೊದಲು ಕೂರುವುದು ದಪ್ಪ ಮರಳು. ನಯವಾದ ಜೇಡಿ ತೇಲುತ್ತಾ ಬಂದು ಕೊನೆಗೆ ಏರಿಯ ಬುಡದಲ್ಲಿ, ತೂಬಿನ (ಹೊಲಗಳಿಗೆ ನೀರು ಬಿಡುವ ಬಾಗಿಲಿನ) ಮುಂದಿನ ಆಳದಲ್ಲಿ ನೆಲೆಸುತ್ತದೆ. ಆದ್ದರಿಂದ ಹಿನ್ನೀರಿನ ತುದಿ ಸಾಮಾನ್ಯವಾಗಿ ಗಟ್ಟಿ, ತೂಬಿನ ಮುಂದೆ ಮೆತ್ತಗೆ. ಏರಿ ಹತ್ತಿರವೇ ಇದೆಯಲ್ಲ ಎಂದು ತೂಬಿನ ಕಡೆಯಿಂದ ಅಡ್ಡ ಹಾಯುವವರೇ ಹೂತುಕೊಳ್ಳುವುದು. ಅಡ್ಡ ಹಾಯಲೇಬೇಕೆಂದಿದ್ದರೆ ನೀರು ಬರುವ ಕಡೆಯಿಂದ ಹಾಯಿರಿ.

ಬಿರುಕುಗಳನ್ನು ಓದಲು ಕಲಿಯಿರಿ. ಬಿರುಕು ಎರಡು ಬೆರಳಗಲ ಇದ್ದು, ಒಳಗೆ ಗೇಣುದ್ದದ ಕಡ್ಡಿ ಇಳಿಸಿದರೆ ತುದಿ ಒಣಗೇ ಬಂದರೆ ನೆಲ ತಡೆಯುತ್ತದೆ. ಬಿರುಕು ಕೂದಲೆಳೆಯಂತಿದ್ದು, ಒಳಗೆ ಕಪ್ಪಾಗಿ ಕಂಡರೆ ಮೇಲಿನದು ಬರಿಯ ಹೊಪ್ಪಳಿಕೆ. ಕೆಳಗೆ ಇನ್ನೂ ಅಂಬಲಿ. ದನ, ಎಮ್ಮೆಗಳ ಹೆಜ್ಜೆ ಇದಕ್ಕಿಂತ ಒಳ್ಳೆಯ ಸಾಕ್ಷಿ. ಗೊರಸಿನ ಗುರುತು ಎರಡು ಬೆರಳಿಗಿಂತ ಆಳವಿಲ್ಲದಿದ್ದರೆ ನೀವೂ ಹೋಗಬಹುದು. ಗೊರಸಿನ ಗುಳಿಯಲ್ಲಿ ನೀರು ಜಿನುಗಿ ನಿಂತಿದ್ದರೆ ವಾಪಸ್ ಬನ್ನಿ. ಕೊಕ್ಕರೆಯ ಹೆಜ್ಜೆ ನೋಡಿ ನಂಬಬೇಡಿ. ಜೊಂಡು ಹಸಿರಾಗಿ ನಿಂತ ಕಡೆ ಬೇರಿನಲ್ಲಿ ನೀರಿದೆ ಎಂದೇ ಅರ್ಥ. ಕೈಯಲ್ಲಿ ನಾಲ್ಕೈದು ಅಡಿಯ ಕೋಲಿರಲಿ: ಮಣಿಕಟ್ಟಿನ ಬಲಕ್ಕಷ್ಟೇ ಗೇಣುದ್ದ ಇಳಿದರೆ ಆ ಕಡೆ ಕಾಲಿಡಬೇಡಿ.

ಕಾಲು ಸಿಕ್ಕಿಕೊಂಡರೆ ನೇರ ಮೇಲಕ್ಕೆ ಎಳೆಯಬೇಡಿ. ಪಾದದಡಿ ಗಾಳಿ ನುಗ್ಗಲು ಜಾಗವಿಲ್ಲದೆ ಕೆಸರು ಹೀರಿ ಹಿಡಿಯುತ್ತದೆ, ಜೊತೆಗೆ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬಿದ್ದು ಅದೂ ಇಳಿಯುತ್ತದೆ. ಬ್ಯಾಗ್ ಕಳಚಿ ಎಸೆಯಿರಿ. ಹಿಂದಕ್ಕೆ ವಾಲಿ ಕುಳಿತುಬಿಡಿ. ಬಟ್ಟೆ ಹಾಳಾದರೆ ಆಗಲಿ, ಭಾರ ಹರಡುವುದು ಮುಖ್ಯ. ಹಿಮ್ಮಡಿಯನ್ನು ಎಡಬಲ ಅಲ್ಲಾಡಿಸಿ ಸಂದಿ ಮಾಡಿ, ಬೆರಳುಗಳನ್ನು ಕೆಳಮುಖ ಚಾಚಿ, ನಿಧಾನಕ್ಕೆ ಹಿಂದಕ್ಕೆ ಎಳೆದುಕೊಳ್ಳಿ. ಬಂದ ದಾರಿಯಲ್ಲೇ ತೆವಳಿ ಹೊರಬನ್ನಿ. ಜೊತೆಯವರು ಹತ್ತಿರ ಬಂದು ಕೈ ಹಿಡಿಯಬಾರದು. ದೂರದಿಂದ ಕೋಲೋ ಟವೆಲ್ಲೋ ಕೊಡಬೇಕು.

ಕೆಸರಿಗಿಂತ ದೊಡ್ಡ ಅಪಾಯ ಬೇರೆ ಇದೆ. ನಮ್ಮ ಜಿಲ್ಲೆಗಳ ಎಷ್ಟೋ ಕೆರೆಗಳಲ್ಲಿ ಇಟ್ಟಿಗೆ ಗೂಡಿಗೆ, ತೋಟಕ್ಕೆ, ಲೇಔಟಿಗೆ ಎಂದು ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿಗಳಿವೆ. ಸಹಜವಾದ ಅಂಗಳ ನಿಧಾನವಾಗಿ ಆಳವಾಗುತ್ತದೆ. ಈ ಗುಂಡಿಗಳ ಬದಿ ಗೋಡೆಯಂತೆ ನೇರ. ಕೆರೆ ತುಂಬಿದ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತವರ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಬೀಳಬಹುದು, ಅಂಚಿನ ಜೇಡಿ ಕೈಗೆ ಹತ್ತುವುದಿಲ್ಲ. ಮಣ್ಣು ತೆಗೆದ ಕೆರೆಯಲ್ಲಿ ಪಾದ ಮುಳುಗುವಷ್ಟು ನೀರಿಗೂ ಇಳಿಯಕೂಡದು. ತೆಗೆದಿದ್ದಾರೋ ಇಲ್ಲವೋ ಎಂಬುದನ್ನು ಊರಿನ ದನ ಕಾಯುವವರನ್ನೋ ತೂಬು ತೆರೆದು ನೀರು ಬಿಡುವ ನೀರುಗಂಟಿಯನ್ನೋ ಕೇಳಿ, ಗುಂಡಿ ಎಲ್ಲೆಲ್ಲಿದೆ ಎಂದು ಅವರು ಬೆರಳು ತೋರಿಸಿ ಹೇಳುತ್ತಾರೆ.

ಗಮ್‌ಬೂಟ್ ಒಳ್ಳೆಯದೇ, ವಾಟರ್‌ಪ್ರೂಫ್ ಶೂ ಒಳ್ಳೆಯದೇ?
— ಶಿಡ್ಲಘಟ್ಟ

3 ಕಿ.ಮೀ. ದಾಟುವ ನಡಿಗೆಗೆ ಎರಡೂ ಬೇಡ. ಗಮ್‌ಬೂಟಿನಲ್ಲಿ ಹಿಮ್ಮಡಿ ಕುಣಿದು ಬೊಬ್ಬೆ ಬರುತ್ತದೆ. ವಾಟರ್‌ಪ್ರೂಫ್ ಶೂಗೆ ಮೇಲಿನಿಂದ ಒಮ್ಮೆ ನೀರು ಹೊಕ್ಕರೆ ಹೊರಗೆ ಹೋಗಲು ದಾರಿಯಿಲ್ಲ. ಜಾಳಿಗೆ ಬಟ್ಟೆಯ, ಬೇಗ ಒಣಗುವ ಶೂ ಸಾಕು, ಆದರೆ ಅಡಿ ದಪ್ಪವಿರಲಿ. ಏರಿಗಳ ಮೇಲೆ ಬಳ್ಳಾರಿ ಜಾಲಿಯ ಒಣಮುಳ್ಳು ತೆಳು ಅಡಿಯನ್ನು ತೂರಿ ಬರುತ್ತದೆ, ನೆಗ್ಗಿಲು ಮುಳ್ಳಿಗಂತೂ ಚಪ್ಪಲಿ ಲೆಕ್ಕವೇ ಇಲ್ಲ. ಎರಡನೇ ಜೊತೆ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗಿರಲಿ.

ನಮ್ಮ ಕಡೆ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಅಂಥ ಕೆರೆ ಸುತ್ತ ನಡೆಯಬಹುದೇ? ಮಕ್ಕಳು ಕೈಕಾಲು ತೊಳೆದರೆ ತೊಂದರೆಯೇ? ಹಕ್ಕಿಗಳೇನೋ ಬೇಕಾದಷ್ಟಿವೆ.
— ಚಿಂತಾಮಣಿ

ನಡೆಯಬಹುದು. ಕೈಕಾಲು ತೊಳೆಯುವುದು ಬೇಡ.

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಬಂದದ್ದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸುತ್ತಾರೆ. ಹೆಬ್ಬಾಳ–ನಾಗವಾರ ಕಣಿವೆಯ ಎಚ್.ಎನ್. ವ್ಯಾಲಿ ನೀರು ಚಿಕ್ಕಬಳ್ಳಾಪುರದ ಕಂದವಾರ ಮೊದಲಾದ ಕೆರೆಗಳಿಗೆ ಹೋಗುತ್ತದೆ. ಎರಡೂ ಕಡೆ ನೀರು ಎರಡನೇ ಹಂತದವರೆಗೆ ಶುದ್ಧೀಕರಿಸಿದ್ದು, ಅಂತರ್ಜಲ ತುಂಬಿಸಲು ಕೊಟ್ಟದ್ದು. ಕುಡಿಯಲೋ ಸ್ನಾನಕ್ಕೋ ಅಲ್ಲ. ಎರಡನೇ ಹಂತದಲ್ಲಿ ಕೊಳೆಯುವ ಪದಾರ್ಥ ಬಹುಪಾಲು ಹೋಗುತ್ತದೆ, ಸಾರಜನಕ ಮತ್ತು ರಂಜಕ ಸಾಕಷ್ಟು ಉಳಿಯುತ್ತವೆ. ಪಾಚಿ, ಜೊಂಡು, ತೇಲುಕಳೆ ಹಬ್ಬುವುದು ಅದರಿಂದ. ನೀರು ಹಸಿರು ಬಣ್ಣದ ಪೇಂಟ್ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ವಿಷ ಬಿಡುವ ಜಾತಿಯ ಪಾಚಿ ಇರಬಹುದು. ನಾಯಿಯನ್ನು ಕರೆದೊಯ್ದಿದ್ದರೆ ಅದು ಆ ನೀರು ನೆಕ್ಕದಂತೆ ನೋಡಿಕೊಳ್ಳಿ.

ಕಾಲಿನಲ್ಲಿ ಗಾಯ, ಬಿರುಕು ಇರುವವರು ಯಾವ ಕೆರೆಯ ನೀರಿಗೂ ಇಳಿಯಬಾರದು. ಇಲಿ, ದನಗಳ ಮೂತ್ರದಿಂದ ಇಲಿಜ್ವರ ಹರಡುವುದು ಹೀಗೆಯೇ. ಕೆರೆಗೆ ಹೋಗಿ ಬಂದ ಮೂರು ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು, ಕೆಂಪುಗಣ್ಣು ಕಾಣಿಸಿಕೊಂಡರೆ ‘ಕೆರೆ ನೀರಿಗೆ ಇಳಿದಿದ್ದೆ’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ತಡ.

ಹಕ್ಕಿಗಳ ಬಗ್ಗೆ ಒಂದು ಮಾತು. ವರ್ಷವಿಡೀ ತುಂಬಿ ನಿಲ್ಲುವ ಕೆರೆಯಲ್ಲಿ ನಾಮಕೋಳಿ, ಜಂಬುಕೋಳಿ, ನೀರುಕಾಗೆ ಹೆಚ್ಚುತ್ತವೆ. ನೀರು ಇಳಿದಾಗ ಬಯಲಾಗುವ ತೆಳು ಕೆಸರಿನಲ್ಲಿ ಮೇಯುವ ಉಲ್ಲಂಕಿ, ಗೊರವದಂಥ ಉದ್ದಗಾಲಿನವುಗಳಿಗೆ ಅಲ್ಲಿ ಜಾಗವಿಲ್ಲ. ಎಣಿಕೆಯಲ್ಲಿ ಹಕ್ಕಿ ಹೆಚ್ಚಿದ ಮಾತ್ರಕ್ಕೆ ಕೆರೆಯ ಆರೋಗ್ಯ ಹೆಚ್ಚಿದೆ ಎನ್ನಲಾಗದು.

ಮಾರ್ಕೋನಹಳ್ಳಿ ಜಲಾಶಯ ತುಂಬಿದಾಗ ಕೋಡಿ (ಹೆಚ್ಚಾದ ನೀರು ಹೊರಹರಿಯುವ ಜಾಗ) ಕೆಳಗಿನ ಬಂಡೆಗಳ ಮೇಲೆ ನಡೆದು ಆಚೆ ದಡಕ್ಕೆ ಹೋಗುವವರನ್ನು ನೋಡಿದ್ದೇವೆ. ನೀರು ಬರೀ ಪಾದದಷ್ಟು. ಅಪಾಯವಿದೆಯೇ?
— ಕುಣಿಗಲ್

ಇದೆ, ಬೇರೆ ಕೆರೆಗಳಿಗಿಂತ ಹೆಚ್ಚೇ ಇದೆ. ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿಯಲ್ಲಿರುವುದು ತಾನೇ ತಾನಾಗಿ ಕೆಲಸ ಮಾಡುವ, ನೀರು ಹೀರಿ ಹೊರಬಿಡುವ ಬಾಗಿದ ಕೊಳವೆಗಳಾದ ಸೈಫನ್‌ಗಳು. ಗೇಟು ಎತ್ತುವವರು ಬೇಡ, ಸೈರನ್‌ಗಾಗಿ ಕಾಯುವ ಮಾತೂ ಇಲ್ಲ. ಮಾಮೂಲಿ ಕೋಡಿಯಲ್ಲಿ ಕೆರೆ ಇಂಚಿಂಚು ಏರಿದಂತೆ ಹರಿವೂ ಇಂಚಿಂಚು ಏರುತ್ತದೆ. ಸೈಫನ್ ಹಾಗಲ್ಲ: ನೀರಿನ ಮಟ್ಟ ಗೊತ್ತಾದ ಗೆರೆ ಮುಟ್ಟಿ, ಕೊಳವೆಯೊಳಗಿನ ಗಾಳಿ ಹೊರಬಿದ್ದು ನೀರು ಕಚ್ಚಿಕೊಂಡಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಬಲದಲ್ಲಿ ಉಗುಳುತ್ತದೆ. ಕೆಳಗೆ ಪಾದದಷ್ಟು ನೀರು ನೋಡಿ ಇಳಿದವರಿಗೆ ಮೇಲೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ನಡಿಗೆಯನ್ನು ಮೇಲಿನ ಏರಿಗೆ, ಹಿನ್ನೀರಿಗೆ ಸೀಮಿತಗೊಳಿಸಿ.

ಸಣ್ಣ ಕೆರೆಗಳ ಕೋಡಿಗೂ ನಿಯಮ ಇದೇ: ಹರಿಯುತ್ತಿರುವ ಕೋಡಿಯನ್ನು ದಾಟಬೇಡಿ. ಕಲ್ಲಿನ ಮೇಲಿನ ಪಾಚಿಗೆ ಯಾವ ಶೂ ಕೂಡ ಹಿಡಿಯುವುದಿಲ್ಲ, ಜಾರಿದರೆ ಬೀಳುವುದು ಕೆಳಗಿನ ಕಲ್ಲುಗುಂಡಿಗೆ. ಕೆರೆ ಸುತ್ತಿನ ಯೋಜನೆ ಹಾಕುವಾಗ ಕೋಡಿ ಯಾವ ತುದಿಯಲ್ಲಿದೆ ಎಂದು ನೋಡಿ, ಅಲ್ಲಿಂದ ಆರಂಭಿಸಿ ಅದರ ಇನ್ನೊಂದು ಬದಿಯವರೆಗೆ ಹೋಗಿ, ಹೋದ ದಾರಿಯಲ್ಲೇ ಹಿಂತಿರುಗಿ. ಪೂರ್ತಿ ಸುತ್ತಿನ ಚಪಲ ಮಳೆಗಾಲದಲ್ಲಿ ಬೇಡ.

ಏರಿ ಮೇಲೆ ಹಾವು, ಹೆಜ್ಜೇನು, ಬೀದಿನಾಯಿ ಈ ಮೂರರ ಭಯದಿಂದ ನಮ್ಮ ಮನೆಯವರು ಕಳಿಸುವುದಿಲ್ಲ. ಏನು ಹೇಳಲಿ?
— ಮುಳಬಾಗಿಲು

ನಾಯಿಯನ್ನು ಮೊದಲಿಗೆ ಹಾಕಿ. ಊರಂಚಿನ ಕೆರೆಗಳಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವ ಜಾಗವಿರುತ್ತದೆ. ನಾಯಿಗಳು ಗುಂಪು ಕಟ್ಟಿ ಜಗಳಕ್ಕೆ ನಿಲ್ಲುವುದು ಅಲ್ಲೇ. ಆ ಜಾಗವನ್ನು ಬಳಸಿಕೊಂಡು ಹೋಗಿ. ಎದುರಾದರೆ ಓಡಬೇಡಿ, ಕೋಲನ್ನು ನೆಲಕ್ಕೆ ಊರಿ ಪಕ್ಕಕ್ಕೆ ತಿರುಗಿ ನಿಧಾನಕ್ಕೆ ಹಿಂದೆ ಸರಿಯಿರಿ. ಕಚ್ಚಿದರೆ, ಗೀರಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆ.

ಹಾವು ಏರಿಯ ಮೇಲಿನ ಜಾಡಿಗಿಂತ ನೀರಿನ ಬದಿಯ ಕಲ್ಲುಕಟ್ಟಿನ ಸಂದಿಯಲ್ಲಿ ಹೆಚ್ಚು. ಫೋಟೊಗೆಂದು ಆ ಕಲ್ಲುಗಳ ಮೇಲೆ ಇಳಿಯುವುದು, ಕೈಯೂರುವುದು ಬೇಡ. ನೀರಿನಲ್ಲಿ ತಲೆಯೆತ್ತಿ ಈಜುವುದು ಬಹುತೇಕ ವಿಷವಿಲ್ಲದ ನೀರುಹಾವು. ನೆಲದ ಮೇಲೆ ಎಚ್ಚರ ಬೇಕಾದದ್ದು ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ಎಂಬ ನಾಲ್ಕಕ್ಕೆ. ಕಚ್ಚಿದರೆ ಉಂಗುರ, ವಾಚು, ಶೂ ತೆಗೆಯಿರಿ. ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕೈಯನ್ನೋ ಕಾಲನ್ನೋ ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ ಹೊತ್ತುಕೊಂಡು ಹೋಗಿ 108ಕ್ಕೆ ಕರೆ ಮಾಡಿ. ಹಾವು ಹುಡುಕಿ ಹೊಡೆದು ತರುವ ಕೆಲಸದಲ್ಲಿ ಹೊತ್ತು ಕಳೆಯಬೇಡಿ, ನಮ್ಮಲ್ಲಿ ಕೊಡುವ ಪ್ರತಿವಿಷ ಈ ನಾಲ್ಕಕ್ಕೂ ಒಂದೇ.

ಹೆಜ್ಜೇನು ಕಟ್ಟಿದ ಮರದಡಿ ಸೆಂಟು, ಹೊಗೆ, ಡ್ರೋನ್ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡಿ, ನೀರಿಗೆ ಹಾರಬೇಡಿ.

ಇವರು ಕೇಳದ ನಾಲ್ಕನೆಯದು ಸಿಡಿಲು. ಏಪ್ರಿಲ್, ಮೇ ಸಂಜೆಗಳಲ್ಲಿ ಸುತ್ತಲಿನ ಬಯಲಿಗೆಲ್ಲ ಏರಿಯೇ ಎತ್ತರ, ಅದರ ಮೇಲೆ ನಡೆಯುವವರು ಇನ್ನೂ ಎತ್ತರ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವುದರೊಳಗೆ ಸದ್ದು ಬಂದರೆ ಏರಿ ಇಳಿದು ಕಟ್ಟಡಕ್ಕೋ ವಾಹನಕ್ಕೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹತ್ತಬೇಡಿ. ಒಂಟಿ ಮರದಡಿ ನಿಲ್ಲುವುದು ಏರಿಯ ಮೇಲೆ ನಿಂತಷ್ಟೇ ಕೆಟ್ಟದ್ದು.

ನಮ್ಮ ಹೈಸ್ಕೂಲಿನ 40 ಮಕ್ಕಳನ್ನು ಕಗ್ಗಲಡುವಿಗೆ ಕರೆದೊಯ್ಯಬೇಕೆಂದಿದ್ದೇವೆ. ಯಾವಾಗ, ಹೇಗೆ?
— ಶಿರಾ

ಕಗ್ಗಲಡು ಬೇಲಿ ಹಾಕಿದ ಧಾಮವಲ್ಲ, ಜನ ಬಾಳುವ ಊರು. ಊರಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ. ಮೇಯುವುದು ಸುತ್ತಲ ಕೆರೆಗಳಲ್ಲಿ. ಹೀಗಾಗಿ ಮಕ್ಕಳ ನಡಿಗೆಯನ್ನು ಎರಡು ಭಾಗ ಮಾಡಿ: ಊರಿನಲ್ಲಿ ಅರ್ಧ ಗಂಟೆ, ಕೆರೆ ಏರಿಯ ಮೇಲೆ ಒಂದೂವರೆ ಗಂಟೆ. ಬೇಸಿಗೆಯಲ್ಲಿ ಗೂಡಿನಲ್ಲಿ ಮರಿಗಳಿರುವಾಗ ನೋಡಲು ಹೆಚ್ಚು ಸಿಗುತ್ತದೆ. ಆದರೆ ಆಗಲೇ ಹೆಚ್ಚು ಎಚ್ಚರ ಬೇಕು. ಮರದಡಿ ಗದ್ದಲವಾಗಿ ತಾಯಿಹಕ್ಕಿ ಎದ್ದು ಹೋದರೆ ಉರಿಬಿಸಿಲಿನಲ್ಲಿ ಮರಿಗೆ ರೆಕ್ಕೆಯ ನೆರಳು ತಪ್ಪುತ್ತದೆ, ಕಾಗೆ ಹದ್ದುಗಳಿಗೆ ದಾರಿಯಾಗುತ್ತದೆ.

40 ಮಕ್ಕಳು ಒಟ್ಟಿಗೆ ಬೇಡ. ಹತ್ತತ್ತರ ನಾಲ್ಕು ಗುಂಪು, ಒಂದೊಂದಕ್ಕೂ ಇಬ್ಬರು ದೊಡ್ಡವರು, ಒಬ್ಬರು ಮುಂದೆ ಒಬ್ಬರು ಹಿಂದೆ. ಗುಂಪುಗಳ ನಡುವೆ 15 ನಿಮಿಷದ ಅಂತರ. ನೀರಿನ ಬದಿಯಲ್ಲಿ ನಡೆಯುವವರು ದೊಡ್ಡವರು, ಮಕ್ಕಳು ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹಾಯುವ ಹೊಲಗಳ, ಬದಿಗೆ. ಗಂಟೆಗೆ 2 ಕಿ.ಮೀ. ದಾಟಬೇಡಿ, ಒಟ್ಟು 3 ಕಿ.ಮೀ. ಸಾಕು. ತಲೆಗೆ ಒಂದು ಲೀಟರ್ ನೀರು, ಜೊತೆಗೆ ಐದಾರು ಓಆರ್‌ಎಸ್ ಪೊಟ್ಟಣ. ಒಂದು ಲೀಟರ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿಯುವುದಲ್ಲ. ಬೆಳಿಗ್ಗೆ ಆರೂವರೆಗೆ ಆರಂಭಿಸಿ ಒಂಬತ್ತೂವರೆಗೆ ಬಸ್ಸಿನಲ್ಲಿರಿ. ಮರಗಳಡಿ ನಿಲ್ಲುವಾಗ ಟೋಪಿ ಇರಲಿ, ಬಾಯಿ ಮುಚ್ಚಿ ಮೇಲೆ ನೋಡಲು ಹೇಳಿ. ಕಾರಣ ಅಲ್ಲಿಗೆ ಹೋದ ಐದು ನಿಮಿಷದಲ್ಲಿ ಮಕ್ಕಳಿಗೇ ತಿಳಿಯುತ್ತದೆ.

ಬೈನಾಕ್ಯುಲರ್ 10×50 ತರಿಸಿದೆ, ಹಕ್ಕಿ ಎಲ್ಲ ಕಪ್ಪು ನೆರಳಿನಂತೆ ಕಾಣುತ್ತವೆ, ಕೈಯೂ ನಡುಗುತ್ತದೆ. ಯಾವುದು ಕೊಳ್ಳಬೇಕಿತ್ತು?
— ಬಂಗಾರಪೇಟೆ

ನಡೆಯುವವರಿಗೆ 8×42 ಸಾಕು. ಹತ್ತು ಪಟ್ಟು ಹಿಗ್ಗಿಸುವುದು ಕೈಯ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. 50 ಮಿ.ಮೀ. ಗಾಜಿನ ಭಾರ ಎರಡು ಗಂಟೆಯಲ್ಲಿ ಕುತ್ತಿಗೆಗೆ ಗೊತ್ತಾಗುತ್ತದೆ. ಸದ್ಯಕ್ಕೆ ಅದನ್ನೇ ಬಳಸುವುದಾದರೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ, ಇಲ್ಲವೇ ಕೋಲಿನ ತುದಿಗೆ ಒರಗಿಸಿ.

ಕಪ್ಪು ನೆರಳಿಗೆ ಬೈನಾಕ್ಯುಲರ್ ಕಾರಣವಲ್ಲ, ನೀವು ನಿಂತ ದಿಕ್ಕು ಕಾರಣ. ಸೂರ್ಯ ಬೆನ್ನಿಗಿರಬೇಕು. ಏರಿ ಇರುವುದು ನೀರು ಹರಿದು ಹೋಗುವ ಕಡೆ. ಕೋಲಾರದ ಪಾಲಾರ್ ನದಿ ಕಡೆಯ ಕಣಿವೆಗಳು ಒಟ್ಟಾರೆ ಆಗ್ನೇಯಕ್ಕೆ ಇಳಿಯುವುದರಿಂದ ಏರಿ ಸಾಮಾನ್ಯವಾಗಿ ಕೆರೆಯ ಪೂರ್ವಕ್ಕೋ ಆಗ್ನೇಯಕ್ಕೋ ಬೀಳುತ್ತದೆ: ಬೆಳಿಗ್ಗೆ ಏರಿಯ ಮೇಲೆ ನಿಂತರೆ ಬೆಳಕು ಹಿಂದಿನಿಂದ, ಸಂಜೆ ಕಣ್ಣಿಗೇ. ಕುಣಿಗಲ್ ಕಡೆ ಶಿಂಷಾ ದಕ್ಷಿಣಕ್ಕೆ ಹರಿಯುವುದರಿಂದ ಅದರ ಸಾಲಿನ ಕೆರೆಗಳ ಏರಿ ದಕ್ಷಿಣಕ್ಕಿದ್ದರೆ, ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಇಡೀ ದಿನ ಅನುಕೂಲ. ಹೊರಡುವ ಮುನ್ನ ಫೋನಿನ ನಕ್ಷೆಯಲ್ಲಿ ನಿಮ್ಮ ಕೆರೆಯ ಏರಿ ಯಾವ ದಿಕ್ಕಿಗಿದೆ ನೋಡಿಕೊಳ್ಳಿ, ಬೆಳಿಗ್ಗೆ ಹೋಗುವುದೋ ಸಂಜೆಯೋ ಆಗ ತೀರ್ಮಾನಿಸಿ.

ಯಾವ ತಿಂಗಳು ಎಂದೂ ಕೆಲವರು ಕೇಳಿದ್ದಾರೆ. ವಲಸೆ ಬಾತುಗಳು ನವೆಂಬರಿನಿಂದ ಫೆಬ್ರವರಿವರೆಗೆ. ಕೆರೆ ಕೋಡಿ ಮಟ್ಟದಲ್ಲಿರುವಾಗ ಹಕ್ಕಿ ನಡುನೀರಿಗೆ ಚದುರುತ್ತವೆ. ಮೂರನೇ ಒಂದು ಭಾಗ ನೀರು ಇಳಿದ ಮೇಲೆ ಅಂಚಿಗೆ ಬರುತ್ತವೆ.

ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಕೂಡ ಜೌಗೇ? ಅಲ್ಲಿ ನಡೆಯಬಹುದೇ?
— ಮಧುಗಿರಿ

ಜೌಗಲ್ಲ, ಹುಲ್ಲುಗಾವಲು. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು 2007ರಲ್ಲಿ ಘೋಷಣೆಯಾದದ್ದು, 798 ಎಕರೆ, ಬಹುತೇಕ ಸಮತಟ್ಟು. ಅರಣ್ಯ ಇಲಾಖೆಯ ಅನುಮತಿ ಪಡೆದು, ಸಿಬ್ಬಂದಿ ತೋರಿಸಿದ ಜಾಡಿನಲ್ಲೇ ಹೋಗಬೇಕು. ನೆರಳು ಕಡಿಮೆ, ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಬೇಕಾಗುತ್ತದೆ. ಹಿಂಡು ಮೇಯುವುದು ಬಿಟ್ಟು ತಲೆ ಎತ್ತಿ ನಿಂತರೆ ನೀವೂ ನಿಲ್ಲಿ. ಮತ್ತೆ ಮೇಯತೊಡಗಿದ ಮೇಲೆ ಹೆಜ್ಜೆ ಇಡಿ, ನೇರ ಅವುಗಳ ಕಡೆಗಲ್ಲ, ಓರೆಯಾಗಿ. ಹುಲ್ಲಿನಲ್ಲಿ ಉಣ್ಣೆ ಹುಳು ಹತ್ತಿದರೆ ಸೀಮೆಎಣ್ಣೆ ಹಚ್ಚದೆ, ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ.

ಪ್ರಶ್ನೆಯಲ್ಲ, ದೂರು. ಭಾನುವಾರ ಆಯಿತೆಂದರೆ ಬೆಂಗಳೂರಿನಿಂದ ಗುಂಪು ಬರುತ್ತದೆ. ನಮ್ಮ ರಾಗಿ ಹೊಲದ ಬದು ತುಳಿದು ಹಾಳು ಮಾಡುತ್ತಾರೆ, ಮೀನಿನ ಬಲೆ ಎತ್ತಿ ನೋಡುತ್ತಾರೆ, ಏರಿ ಮೇಲೆ ಕಾರು ತರುತ್ತಾರೆ. ಕೆರೆ ನಿಮ್ಮದಾ ಅಂತ ನಮ್ಮನ್ನೇ ಕೇಳುತ್ತಾರೆ.
— ಮಾಲೂರು

ನಿಮ್ಮ ದೂರು ನ್ಯಾಯವಾದದ್ದು. ಇದು ನಡೆಯುವವರಿಗೆ.

ಕೆರೆ ಸರ್ಕಾರದ್ದೇ: ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕದಾದರೆ ಪಂಚಾಯ್ತಿ. ಆದರೆ ಮೀನು ಹಿಡಿಯುವ ಹಕ್ಕು ಹರಾಜಿನಲ್ಲೋ ಗುತ್ತಿಗೆಯಲ್ಲೋ ಯಾರೋ ಹಣ ಕೊಟ್ಟು ಪಡೆದದ್ದು. ಬಲೆ ಮುಟ್ಟುವುದು ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಿದಂತೆ. ಅಚ್ಚುಕಟ್ಟಿನ ಬದು ಖಾಸಗಿ ಜಮೀನು, ಅದು ಕಾಲುದಾರಿಯಲ್ಲ. ಮಣ್ಣಿನ ಏರಿಯ ಮೇಲೆ ಮಳೆಗಾಲದಲ್ಲಿ ಕಾರು ಓಡಿಸಿದರೆ ಗಾಲಿಯ ಜಾಡಿನಲ್ಲಿ ನೀರು ನಿಂತು, ಅದು ಒಳಕ್ಕಿಳಿದು ಏರಿ ಕುಸಿಯಲು ಶುರುವಾಗುತ್ತದೆ. ವಾಹನವನ್ನು ಊರಿನಲ್ಲೇ ನಿಲ್ಲಿಸಿ, ಟೀ ಅಂಗಡಿಯಲ್ಲಿ ಹೇಳಿ ಬನ್ನಿ.

ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಇನ್ನೊಂದು ಎಚ್ಚರ. ಟಿಟ್ಟಿಭ, ಮೆಟ್ಟುಗಾಲುಹಕ್ಕಿ ಮೊದಲಾದವು ಬರಿನೆಲದ ಮೇಲೇ ಮೊಟ್ಟೆ ಇಡುತ್ತವೆ, ಬೆಣಚುಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಕಾಣದು. ಟಿಟ್ಟಿಭ ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಗೂಡಿಗಾಗಿ ಹುಡುಕಬೇಡಿ, ಇಟ್ಟ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ಹಿಂದೆ ಬನ್ನಿ.

ಡಿಸೆಂಬರಿನಲ್ಲಿ ರಾಜಸ್ಥಾನದ ಭರತಪುರಕ್ಕೆ ಹೊರಟಿದ್ದೇವೆ. ನಮ್ಮ ಕೆರೆಗಳಲ್ಲಿ ನಡೆದ ಅಭ್ಯಾಸ ಅಲ್ಲಿ ಸಾಕಾಗುತ್ತದೆಯೇ? ರಂಗನತಿಟ್ಟಿಗೇ ಹೋಗಬಾರದೇ ಎನ್ನುತ್ತಾರೆ ಮನೆಯಲ್ಲಿ.
— ಗೌರಿಬಿದನೂರು

ರಂಗನತಿಟ್ಟು 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು (ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ಪಟ್ಟಿ ಅದು), ಹೋಗಲೇಬೇಕಾದ ಜಾಗ. ಆದರೆ ಅದು ನದಿಯ ನಡುಗಡ್ಡೆಗಳ ಧಾಮ, ದೋಣಿಯಲ್ಲಿ ಕುಳಿತು ನೋಡುವಂಥದ್ದು. ನಡೆಯುವ ಆಸೆಯಿದ್ದರೆ ಭರತಪುರವೇ ಸರಿ.

ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಸುಮಾರು 29 ಚದರ ಕಿ.ಮೀ.; 1981ರಲ್ಲಿ ರಾಮ್ಸಾರ್ ಪಟ್ಟಿಗೆ, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತಗ್ಗು ನೆಲಕ್ಕೆ ಒಡ್ಡು ಕಟ್ಟಿ ಹಿಡಿದ ನೀರು ತಿರುಗಿಸಿ, ಒಡ್ಡು ತೂಬುಗಳಿಂದ ಭಾಗ ಮಾಡಿದ ಜಾಗ ಅದು. ಕೆರೆ ಬಲ್ಲವರಿಗೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಗೇಟಿನಿಂದ ಕೇವಲಾದೇವ ಗುಡಿಯ ಕಡೆಗೆ ಡಾಂಬರು ರಸ್ತೆ ನೇರ ಹೋಗುತ್ತದೆ, ಅದರ ಎಡಬಲಕ್ಕೆ ಒಡ್ಡುಗಳ ಮೇಲೆ ಮಣ್ಣಿನ ಜಾಡುಗಳು. ರಸ್ತೆಯನ್ನು ಬಾಡಿಗೆ ಸೈಕಲ್ಲಿನಲ್ಲೋ ರಿಕ್ಷಾದಲ್ಲೋ ಮುಗಿಸಿ, ಕಾಲಿನ ಶಕ್ತಿಯನ್ನು ಒಡ್ಡಿನ ಜಾಡುಗಳಿಗೆ ಉಳಿಸಿಕೊಳ್ಳಿ. ಎಲ್ಲವನ್ನೂ ನಡೆದೇ ನೋಡುತ್ತೇನೆಂದು ಹೊರಟವರು ಡಾಂಬರಿನ ಮೇಲೆಯೇ ಸುಸ್ತಾಗುತ್ತಾರೆ.

ಅಭ್ಯಾಸ ಸಾಕು, ಬಟ್ಟೆ ಸಾಲದು. ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಬೆಳಗು ನಮ್ಮ ನಂದಿಯ ಚಳಿಗಿಂತ ಕಠಿಣ. ಮಂಜು ಕವಿದರೆ ಒಂಬತ್ತು ಹತ್ತರವರೆಗೂ ಬೈನಾಕ್ಯುಲರಿಗೆ ಕೆಲಸವಿಲ್ಲ. ಕೈಗವಸು, ಕಿವಿ ಮುಚ್ಚುವ ಟೋಪಿ, ಒಂದರ ಮೇಲೊಂದು ಹಾಕಿ ಮಧ್ಯಾಹ್ನ ಕಳಚಬಹುದಾದ ಮೂರು ಪದರ ಒಯ್ಯಿರಿ. ಎರಡು ದಿನ ಇಟ್ಟುಕೊಳ್ಳಿ, ಒಂದು ಬೆಳಗ್ಗೆ ಮಂಜಿಗೆ ಹೋದರೂ ಇನ್ನೊಂದು ಉಳಿಯುತ್ತದೆ. ಮೊದಲ ದಿನ ಮಧ್ಯಾಹ್ನವೇ ಒಳಗೆ ಹೋಗಿ, ಯಾವ ಒಡ್ಡಿನ ಪಕ್ಕದಲ್ಲಿ ನೀರಿದೆ, ಯಾವುದು ಒಣಗಿದೆ ಎಂದು ಗುರುತು ಮಾಡಿಕೊಂಡು ಬನ್ನಿ. ಎಲ್ಲ ಭಾಗಕ್ಕೂ ಎಲ್ಲ ವರ್ಷ ನೀರು ಬಿಡುವುದಿಲ್ಲ.